ಚಿಗವ್ವನಿಗೆ ಹಾಲು ಬರದೇ ಹೋದದ್ದು ಯಾಕೆ

ನಮ್ಮ ಚಿಗವ್ವನ ಎರಡನೇ ಹೆರಿಗೆ 1998ರ ಮಳೆಗಾಲದಲ್ಲಿ, ಬ್ಯಾಡಗಿ ತಾಲೂಕಿನ ಹಳ್ಳಿಯ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ ಆಯಿತು. ಕೂಸು ಸುಸೂತ್ರ ಹುಟ್ಟಿತು. ಮಾಸು ಬೀಳುವುದು ತಡವಾಯಿತು, ಬಿದ್ದ ಮೇಲೆ ರಕ್ತ ನಿಲ್ಲಲೇ ಇಲ್ಲ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅವತ್ತು ಸಿಕ್ಕಿದ್ದು ಮೆಣಸಿನಕಾಯಿ ಚೀಲ ಹೇರುವ ಒಂದು ಟೆಂಪೋ. ಹಾವೇರಿ ಮುಟ್ಟುವಷ್ಟರಲ್ಲಿ ಅವಳ ಕೈಕಾಲು ತಣ್ಣಗಾಗಿ ಮಾತು ನಿಂತಿತ್ತು ಎಂದು ನಮ್ಮವ್ವ ಈಗಲೂ ಹೇಳುತ್ತಾಳೆ. ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಜೀವ ಉಳಿಯಿತು. ಎದೆಹಾಲು ಮಾತ್ರ ಒಂದು ಹನಿಯೂ ಬರಲಿಲ್ಲ. ಮೊದಲ ಮಗನಿಗೆ ಎರಡು ವರ್ಷ ಹಾಲೂಡಿದ್ದವಳು ಅವಳು. ಈ ಕೂಸು ಓಣಿಯ ಇನ್ನೊಬ್ಬ ಬಾಣಂತಿಯ ಹಾಲು, ಆಮೇಲೆ ಆಡಿನ ಹಾಲು ಕುಡಿದು ಬೆಳೆಯಿತು. ಚಿಗವ್ವನಿಗೆ ಮುಟ್ಟೂ ಮತ್ತೆ ಬರಲಿಲ್ಲ. ಆಗ ಅವಳಿಗೆ ಇಪ್ಪತ್ತೈದು ವರ್ಷ.

ಮುಂದಿನ ಹದಿನಾರು ವರ್ಷ ಅವಳು ಬದುಕಿದ ರೀತಿ ನಾನು ಕಣ್ಣಾರೆ ಕಂಡದ್ದು. ಏಪ್ರಿಲ್ ತಿಂಗಳ ಬಿಸಿಲಲ್ಲೂ ಕಟ್ಟೆಯ ಮೇಲೆ ಕೌದಿ ಹೊದ್ದು ಕೂರುತ್ತಿದ್ದಳು. ಬೆವರು ಎಂಬುದೇ ಇರಲಿಲ್ಲ. ಮುಖ ಬಿಳಿಚಿ, ಬಾಯಿ ಮತ್ತು ಕಣ್ಣಿನ ಸುತ್ತ ಸಣ್ಣ ಸಣ್ಣ ಸುಕ್ಕು ಬಿದ್ದು, ಮೂವತ್ತರಲ್ಲೇ ಐವತ್ತರ ಹೆಂಗಸಾಗಿ ಕಾಣುತ್ತಿದ್ದಳು. ದನಿ ದಪ್ಪವಾಗಿ, ಮಾತು ನಿಧಾನವಾಗಿತ್ತು. ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಓರಗೆಯವರ ಜೊತೆ ಹೋದರೂ ಮಧ್ಯಾಹ್ನಕ್ಕೇ ಗೋಡೆಗೆ ಒರಗಿ ಕುಳಿತುಬಿಡುತ್ತಿದ್ದಳು. ಊರಲ್ಲಿ ಇದಕ್ಕೆ ಇದ್ದ ಮಾತು ಒಂದೇ: ‘ಬಾಣಂತನ ಕೆಟ್ಟೈತಿ.’ ಅದಕ್ಕಿಂತ ಕೆಟ್ಟ ಮಾತನ್ನು ಆ ಹುಡುಗಿ, ಅಂದರೆ ನನ್ನ ತಂಗಿ, ಕೇಳಿಕೊಂಡು ಬೆಳೆದಳು: ‘ನೀ ಹುಟ್ಟಿದ ಮ್ಯಾಲೆ ನಿಮ್ಮವ್ವ ಹಿಂಗಾದ್ಲು.’

ತೋರಿಸದೇ ಇದ್ದರು ಎಂದಲ್ಲ. ಹೋದಲ್ಲೆಲ್ಲ ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ಸುಸ್ತೆಂದರೆ ಸಲೈನ್ ಹಾಕಿದರು. ಒಂದು ಕಡೆ ಥೈರಾಯ್ಡ್ ಇರಬಹುದೆಂದು ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಒಂದನ್ನೇ ಮಾಡಿಸಿ, ಅದು ನಾರ್ಮಲ್ ಬಂದ ಮೇಲೆ ‘ಥೈರಾಯ್ಡ್ ಇಲ್ಲ’ ಎಂದು ಬರೆದು ಕಳಿಸಿದರು. ಹೆರಿಗೆ ಹೇಗಾಯಿತು, ಹಾಲು ಬಂತೇ, ಮುಟ್ಟು ಆಗುತ್ತಿದೆಯೇ ಎಂದು ಯಾರೂ ಕೇಳಲಿಲ್ಲ. ಕೇಳದೆ ಚಿಗವ್ವ ತಾನಾಗಿ ಗಂಡಸು ಡಾಕ್ಟರ ಎದುರು ಅದನ್ನು ಹೇಳುವವಳಲ್ಲ.

2014ರ ಬೇಸಿಗೆಯಲ್ಲಿ ಅವಳಿಗೆ ವಾಂತಿಭೇದಿ ಹಿಡಿಯಿತು. ಮನೆಯ ಉಳಿದವರಿಗೂ ಆಗಿತ್ತು, ಅವರೆಲ್ಲ ಎದ್ದು ಓಡಾಡಿದರು. ಇವಳು ಏಳಲಿಲ್ಲ. ಏನೋ ತಡವರಿಸಿ ಮಾತಾಡಲು ಶುರುಮಾಡಿ, ಆಮೇಲೆ ಕರೆದರೆ ಓಗೊಡುವುದನ್ನೂ ನಿಲ್ಲಿಸಿದಳು. ನಾನು ಆಗಷ್ಟೇ ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದ್ದೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಕ್ಯಾಷುಯಲ್ಟಿಗೆ ಅವಳನ್ನು ಸಾಗಿಸಿದಾಗ ಜೊತೆಗಿದ್ದೆ. ಬಿಪಿ 70/50. ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ 54. ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, 109 ಎಂದು ಬಂತು. 135ರಿಂದ 145ರ ನಡುವೆ ಇರಬೇಕಾದದ್ದು.

ಆ ರಾತ್ರಿ ಡ್ಯೂಟಿಯಲ್ಲಿದ್ದ ಪಿಜಿ ಡಾಕ್ಟರ್ ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು. ಗ್ಲೂಕೋಸ್ ಕೊಡಿಸಿ, ನಾರ್ಮಲ್ ಸಲೈನ್ ಹಚ್ಚಿಸಿ, ನಮ್ಮವ್ವನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಮೂರೇ ಮಾತು. ‘ಕೊನೆಯ ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿತ್ತಾ? ಮಗುವಿಗೆ ಎದೆಹಾಲು ಬಂದಿತ್ತಾ? ಆಮೇಲೆ ಮುಟ್ಟಾಗಿದ್ದಾರಾ?’ ಅವ್ವ ಉತ್ತರ ಹೇಳುತ್ತಿದ್ದಂತೆ ಡಾಕ್ಟರ್ ಚಿಗವ್ವನ ತೋಳೆತ್ತಿ ಕಂಕುಳು ನೋಡಿದರು. ಅಲ್ಲಿ ಒಂದು ಕೂದಲೂ ಇರಲಿಲ್ಲ. ಕೂಡಲೇ ಕಾರ್ಟಿಸಾಲ್, ಫ್ರೀ ಟಿ4, ಟಿಎಸ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಎಂದು ಹಾರ್ಮೋನು ಪರೀಕ್ಷೆಗಳನ್ನು ಬರೆದು ರಕ್ತ ತೆಗೆಸಿದರು. ಸೂಜಿ ಹೊರಬಂದ ಬೆನ್ನಿಗೇ ಎಫ್‌ಕಾರ್ಲಿನ್, ಅಂದರೆ ಕಾರ್ಟಿಸಾಲಿನದೇ ಔಷಧ ರೂಪವಾದ ಹೈಡ್ರೋಕಾರ್ಟಿಸೋನ್, 100 ಮಿಲಿಗ್ರಾಂ ನರಕ್ಕೆ ಕೊಡಿಸಿದರು. ‘ರಿಪೋರ್ಟ್ ನಾಳೆ ಬರುತ್ತೆ. ಅಲ್ಲಿವರೆಗೂ ಕಾಯೋದಕ್ಕೆ ಇವರ ಹತ್ತಿರ ಟೈಮಿಲ್ಲ’ ಎಂದರು. ಹದಿನಾರು ವರ್ಷ ಯಾರಿಗೂ ಹೊಳೆಯದ ಕಾಯಿಲೆ ಆ ಹುಡುಗಿಗೆ ಹೊಳೆದದ್ದು ಸ್ಕ್ಯಾನಿನಿಂದಲ್ಲ, ಪ್ರಶ್ನೆಯಿಂದ. ಇದನ್ನು ನಾನು ನರ್ಸಿಂಗ್ ಕಲಿಯುವ ಮಕ್ಕಳಿಗೆ ಪ್ರತಿ ಬ್ಯಾಚಿನಲ್ಲೂ ಹೇಳುತ್ತೇನೆ.

ಕಾಯಿಲೆಯ ಹೆಸರು ಶೀಹಾನ್ ಸಿಂಡ್ರೋಮ್. ಇಂಗ್ಲೆಂಡಿನ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹಾನ್ 1937ರಲ್ಲಿ ಇದನ್ನು ವಿವರಿಸಿದರು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಬಸುರಿನಲ್ಲಿ ಊದಿಕೊಳ್ಳುತ್ತದೆ, ಏಕೆಂದರೆ ಹಾಲಿಳಿಸುವ ಪ್ರೊಲ್ಯಾಕ್ಟಿನ್ ತಯಾರಿಸುವ ಜೀವಕೋಶಗಳು ಹೆಚ್ಚಾಗುತ್ತವೆ. ಗ್ರಂಥಿ ಬೆಳೆದರೂ ಅದರ ಮುಂಭಾಗಕ್ಕೆ ರಕ್ತ ಬರುವುದು ಒತ್ತಡ ಕಡಿಮೆಯಿರುವ ಸಣ್ಣ ನಾಳಗಳ ಮೂಲಕ. ಹೆರಿಗೆಯಲ್ಲಿ ರಕ್ತ ಸುರಿದು ಬಿಪಿ ಕುಸಿದರೆ ಮೊದಲು ಬತ್ತುವುದು ಆ ಭಾಗ. ಅದು ಸತ್ತರೆ ಹಾಲಿನ ಹಾರ್ಮೋನು, ಮುಟ್ಟಿನ ಹಾರ್ಮೋನು, ಥೈರಾಯ್ಡನ್ನು ನಡೆಸುವ ಟಿಎಸ್‌ಎಚ್, ಮೂತ್ರಪಿಂಡದ ಮೇಲೆ ಕೂತು ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿಯನ್ನು ನಡೆಸುವ ಎಸಿಟಿಎಚ್ ಎಲ್ಲವೂ ನಿಲ್ಲುತ್ತವೆ. ಒಂದೇ ದಿನ ನಿಲ್ಲುವುದೂ ಉಂಟು, ವರ್ಷಗಟ್ಟಲೆ ನಿಧಾನ ಕುಂದುವುದೂ ಉಂಟು. ಕಾಶ್ಮೀರ ಕಣಿವೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 20 ವರ್ಷ ದಾಟಿದ, ಹೆತ್ತ ಹೆಂಗಸರಲ್ಲಿ ಶೇ. 3ರಷ್ಟು ಮಂದಿಗೆ ಇದು ಇರಬಹುದೆಂದು ಅಂದಾಜಿಸಿದ್ದರು. ಅವರಲ್ಲಿ ಹೆಚ್ಚಿನವರು ಮನೆಯಲ್ಲೇ ಹೆತ್ತವರು. ಆಸ್ಪತ್ರೆಯ ಹೆರಿಗೆ ಮನೆಮಾತಾಗಿರುವ ದೇಶಗಳಲ್ಲಿ ಇದು ಅಪರೂಪದ ಕಾಯಿಲೆ.

ಮರುದಿನ ಬಂದ ರಿಪೋರ್ಟಿನಲ್ಲಿ ಕಾರ್ಟಿಸಾಲ್ 1.2. ಅಂಥ ಸ್ಥಿತಿಯಲ್ಲಿರುವ ಮನುಷ್ಯನಿಗೆ ಅದು ಇಪ್ಪತ್ತರ ಆಸುಪಾಸಿಗೆ ಏರಿರಬೇಕಿತ್ತು. ಥೈರಾಯ್ಡ್ ಗ್ರಂಥಿಯ ಹಾರ್ಮೋನಾದ ಫ್ರೀ ಟಿ4 ತೀರಾ ಕೆಳಗೆ, ಟಿಎಸ್‌ಎಚ್ ಮಾತ್ರ ‘ನಾರ್ಮಲ್’. ಹಿಂದೆ ಥೈರಾಯ್ಡ್ ಇಲ್ಲವೆಂದು ಬರೆದುಕೊಟ್ಟ ಚೀಟಿಯ ಗುಟ್ಟು ಅಲ್ಲಿತ್ತು. ಥೈರಾಯ್ಡ್ ಗ್ರಂಥಿಯೇ ಕೆಟ್ಟಿದ್ದರೆ ಟಿಎಸ್‌ಎಚ್ ಏರುತ್ತದೆ. ಏರಿಸಬೇಕಾದ ಪಿಟ್ಯುಟರಿಯೇ ಸತ್ತಿದ್ದರೆ ಅದು ಏರುವುದೆಲ್ಲಿಂದ? ಎಂಆರ್‌ಐ ಮಾಡಿಸಿದಾಗ ಗ್ರಂಥಿ ಕೂತಿರಬೇಕಾದ ಎಲುಬಿನ ಗುಳಿಯಲ್ಲಿ ಬರೀ ನೀರು ಕಂಡಿತು.

ಆದರೆ ನಾನು ಹೆಚ್ಚು ಹೇಳಬೇಕಾದದ್ದು ಆ ಮೊದಲ ರಾತ್ರಿಯ ಬಗ್ಗೆ. ಕಾರ್ಟಿಸಾಲ್ ಇಲ್ಲದಾಗ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಟ್ಯುಟರಿಯ ಹಿಂಭಾಗದಿಂದ ಬರುವ ವಾಸೋಪ್ರೆಸಿನ್ ಎಂಬ ಹಾರ್ಮೋನು ಅಂಕೆಯಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಹಿಂಭಾಗಕ್ಕೆ ರಕ್ತದ ದಾರಿ ಬೇರೆ ಇರುವುದರಿಂದ ಅದು ಸಾಮಾನ್ಯವಾಗಿ ಉಳಿದುಕೊಂಡಿರುತ್ತದೆ. ಸೋಡಿಯಂ 109ಕ್ಕೆ ಇಳಿದದ್ದು ಹೀಗೆ. ಹೈಡ್ರೋಕಾರ್ಟಿಸೋನ್ ಬಿದ್ದ ಕೆಲವೇ ಗಂಟೆಗಳಲ್ಲಿ ಆ ಅಂಕೆ ಮರಳುತ್ತದೆ, ತಡೆದಿಟ್ಟ ನೀರೆಲ್ಲ ಮೂತ್ರವಾಗಿ ಒಮ್ಮೆಲೇ ಹರಿಯತೊಡಗುತ್ತದೆ, ಸೋಡಿಯಂ ಸರ್ರನೆ ಏರುತ್ತದೆ. ಏರಿದರೆ ಒಳ್ಳೆಯದೇ ಅಲ್ಲವೇ ಎಂದು ಮನೆಯವರಿಗೆ ಅನಿಸುವುದು ಸಹಜ. ಬಹಳ ದಿನದಿಂದ ಕಡಿಮೆ ಉಪ್ಪಿಗೆ ಹೊಂದಿಕೊಂಡ ಮೆದುಳಿಗೆ ಈ ವೇಗದ ಏರಿಕೆಯೇ ಕಂಟಕ. ನರಗಳ ಮೇಲಿನ ಹೊದಿಕೆ ಕಳಚಿ, ಕೆಲವು ದಿನಗಳ ನಂತರ ನುಂಗಲಾರದೆ, ಮಾತಾಡಲಾರದೆ, ಕೈಕಾಲು ಆಡಿಸಲಾರದೆ ಮಲಗಿಬಿಡುತ್ತಾರೆ. ಆದ್ದರಿಂದ 24 ಗಂಟೆಗಳಲ್ಲಿ 8ಕ್ಕಿಂತ ಹೆಚ್ಚು ಏರಬಾರದು ಎಂದು ಡಾಕ್ಟರ್ ಕೇಸ್‌ಶೀಟಿನ ಮೇಲೇ ಬರೆದಿದ್ದರು. ಗಂಟೆಗೊಮ್ಮೆ ಮೂತ್ರದ ಅಳತೆ, ನಾಲ್ಕು ಗಂಟೆಗೊಮ್ಮೆ ಸೋಡಿಯಂ, ಮೂತ್ರ ಗಂಟೆಗೆ 100 ಮಿಲಿ ದಾಟಿದರೆ ಕರೆಯಬೇಕು.

ರಾತ್ರಿ ಪಾಳಿಯ ಸಿಸ್ಟರ್ ವಿಜಯಪುರದ ಕಡೆಯವರು. ವಾರ್ಡ್ ತುಂಬ ರೋಗಿಗಳು, ಇಬ್ಬರೇ ಸಿಸ್ಟರುಗಳು. ಆದರೂ ಪ್ರತಿ ಗಂಟೆಗೆ ಬಂದು, ಮಂಡಿಯೂರಿ ಕೂತು, ಮೂತ್ರ ತುಂಬುವ ಯೂರೋಬ್ಯಾಗಿನ ನಲ್ಲಿ ಬಿಚ್ಚಿ, ಅಳತೆಯ ಜಗ್ಗಿಗೆ ಸುರಿದು, ಜಗ್ಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ ಚಾರ್ಟಿನಲ್ಲಿ ಬರೆಯುತ್ತಿದ್ದರು. ಮೊದಮೊದಲು 40, 60. ಬಣ್ಣ ಗಾಢ ಹಳದಿ. ನಡುರಾತ್ರಿ ದಾಟಿದ ಮೇಲೆ 180 ಆಯಿತು, ಮುಂದಿನ ಗಂಟೆಗೆ 350. ಜಗ್ಗಿನಲ್ಲಿದ್ದದ್ದು ಬರೀ ನೀರಿನ ಬಣ್ಣ. ಅವರು ಚಾರ್ಟ್ ಬರೆದು ಮುಗಿಸುವುದಕ್ಕೂ ನಿಲ್ಲಲಿಲ್ಲ, ಎದ್ದು ಫೋನ್ ಮಾಡಿದರು. ತೆಗೆದ ಸ್ಯಾಂಪಲ್ಲಿನಲ್ಲಿ ಸೋಡಿಯಂ ಆಗಲೇ 116. ಇಡೀ ದಿನಕ್ಕೆಂದು ಇಟ್ಟುಕೊಂಡಿದ್ದ ಅಳತೆ ಬೆಳಗಾಗುವ ಮೊದಲೇ ಬಹುತೇಕ ತೀರಿಹೋಗಿತ್ತು.

ಡಾಕ್ಟರ್ ಓಡಿ ಬಂದು ಸಲೈನ್ ನಿಲ್ಲಿಸಿ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹಚ್ಚಿಸಿದರು. ಫ್ರಿಜ್ಜಿನಿಂದ ಡೆಸ್ಮೋಪ್ರೆಸಿನ್ ಆಂಪ್ಯೂಲ್ ತರಿಸಿ 2 ಮೈಕ್ರೋಗ್ರಾಂ ಚರ್ಮದಡಿಗೆ ಕೊಡಿಸಿದರು. ಡೆಸ್ಮೋಪ್ರೆಸಿನ್ ಅಂದರೆ ವಾಸೋಪ್ರೆಸಿನ್ನಿನ ಪ್ರಯೋಗಾಲಯದ ರೂಪ, ಮೂತ್ರಪಿಂಡಕ್ಕೆ ‘ನೀರು ಬಿಡಬೇಡ’ ಎಂದು ಹೇಳುವ ಔಷಧ. ಅದು ಕೆಲಸ ಶುರುಮಾಡಿದ ಮೇಲೆ ಹೊಸ ಎಚ್ಚರ ಬೇಕು. ಕುಡಿದ ನೀರು ಈಗ ಒಳಗೇ ಉಳಿಯುತ್ತದೆ. ಬಾಯಾರಿಕೆ ಎಂದು ಕುಡಿಸುತ್ತಾ ಹೋದರೆ ಸೋಡಿಯಂ ಮತ್ತೆ ಕುಸಿದು ಫಿಟ್ಸ್ ಬರಬಹುದು. ಅವ್ವ ಎಳನೀರು ತರಿಸಿ ಇಟ್ಟಿದ್ದಳು. ಸಿಸ್ಟರ್ ಅದನ್ನು ನೋಡಿ, ‘ಯವ್ವಾ, ಹತ್ತಿ ಒದ್ದಿ ಮಾಡಿ ತುಟಿಗೆ ಹಚ್ರಿ, ಕುಡಸಬ್ಯಾಡ್ರಿ. ಈಗ ನೀರು ಸೈತ ಔಷಧ ಇದ್ದಂಗ, ಲೆಕ್ಕ ಹಾಕಿ ಕೊಡಬೇಕು’ ಎಂದರು. ಬೆಳಿಗ್ಗೆ ಮೂತ್ರ ಗಂಟೆಗೆ 50ಕ್ಕೆ ಇಳಿಯಿತು. ಸೋಡಿಯಂ ಅಲ್ಲಿಂದ ಮುಂದೆ ದಿನಕ್ಕೆ ಇಷ್ಟಿಷ್ಟೇ ಎಂದು ಮೇಲೇರಿತು. ಮೂರನೇ ದಿನ ಚಿಗವ್ವ ಕಣ್ಣು ಬಿಟ್ಟು, ‘ಇದ್ಯಾವ ಊರು?’ ಎಂದು ಕೇಳಿದಳು. ಡಾಕ್ಟರ್ ಕಾಯಿಲೆಯನ್ನು ಗುರುತಿಸಿದರು ನಿಜ. ಅವಳ ಮೆದುಳನ್ನು ಉಳಿಸಿದ್ದು ಆ ಜಗ್ಗು ಹಿಡಿದ ಸಿಸ್ಟರ್. ಗಂಟೆಗೊಮ್ಮೆ ಅಳೆಯಬೇಕಾದದ್ದನ್ನು ಪಾಳಿಯ ಕೊನೆಗೆ ಒಟ್ಟಿಗೇ ಬರೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಎಂಡೋಕ್ರೈನ್, ಅಂದರೆ ಹಾರ್ಮೋನು ಕಾಯಿಲೆಗಳ ವಾರ್ಡಿಗೆ ಬದಲಾಯಿಸಿದಾಗ ಪಕ್ಕದ ಬೆಡ್ಡಿನಲ್ಲಿ ಒಬ್ಬ ಹುಡುಗನಿದ್ದ. ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆ ತೆಗೆದಿದ್ದರು, ಅವನಿಗೆ ವಾಸೋಪ್ರೆಸಿನ್ ನಿಂತೇಹೋಗಿತ್ತು. ದಿನಕ್ಕೆ ಎಂಟು ಹತ್ತು ಲೀಟರ್ ಮೂತ್ರ, ಅಷ್ಟೇ ಬಾಯಾರಿಕೆ. ಚಿಗವ್ವನಿಗೆ ಒಂದು ರಾತ್ರಿಯ ಮಟ್ಟಿಗೆ ಬೇಕಾದ ಡೆಸ್ಮೋಪ್ರೆಸಿನ್ ಅವನಿಗೆ ದಿನನಿತ್ಯದ ಔಷಧ. ಅಲ್ಲಿನ ಸಿಸ್ಟರ್ ಅವನ ತಾಯಿಗೆ ಹೇಳಿಕೊಡುತ್ತಿದ್ದದ್ದನ್ನು ನಾನೂ ಬರೆದುಕೊಂಡೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಮೂಗಿಗೆ ಹೊಡೆಯುವ ಡೆಸ್ಮೋಪ್ರೆಸಿನ್ ಸ್ಪ್ರೇ ಸರಿಯಾಗಿ ಹಿಡಿಯುವುದಿಲ್ಲ, ಆಗ ಡಾಕ್ಟರನ್ನು ಕೇಳಿ ಮಾತ್ರೆಗೆ ಬದಲಾಯಿಸಿಕೊಳ್ಳಬೇಕು. ಮುಂದಿನ ಡೋಸಿಗೆ ಮುಂಚೆ ಒಮ್ಮೆಯಾದರೂ ತಿಳಿಯಾದ ಮೂತ್ರ ಧಾರಾಳವಾಗಿ ಹೋಗಲು ಬಿಡಬೇಕು, ಇಲ್ಲವಾದರೆ ನೀರು ಒಳಗೇ ಕೂಡಿಬಿಡುತ್ತದೆ. ದಿನಾ ಬೆಳಿಗ್ಗೆ ತೂಕ ನೋಡಬೇಕು, ತೂಕ ಏರಿ ತಲೆನೋವು ವಾಕರಿಕೆ ಬಂದರೆ ಸೋಡಿಯಂ ಮಾಡಿಸಬೇಕು.

ಚಿಗವ್ವನ ಮೈ ತಣ್ಣಗಿರುವುದಕ್ಕೆ ಥೈರಾಯ್ಡ್ ಮಾತ್ರೆಯನ್ನು ಮೊದಲ ದಿನವೇ ಯಾಕೆ ಕೊಡಲಿಲ್ಲ ಎಂದು ನಾನು ಕೇಳಿದ್ದೆ. ಸ್ಟೀರಾಯ್ಡ್ (ಹೈಡ್ರೋಕಾರ್ಟಿಸೋನ್) ಮೊದಲು, ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಆಮೇಲೆ ಎಂದು ಪಿಜಿ ಡಾಕ್ಟರ್ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ಥೈರಾಕ್ಸಿನ್ ದೇಹದ ಬೇಡಿಕೆಯನ್ನು ಏರಿಸುತ್ತದೆ, ಇರುವಷ್ಟು ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿಸುತ್ತದೆ. ಕಾರ್ಟಿಸಾಲ್ ತುಂಬಿಕೊಡದೆ ಥೈರಾಕ್ಸಿನ್ ಒಂದನ್ನೇ ಕೊಟ್ಟರೆ ರೋಗಿ ಶಾಕಿಗೆ ಹೋಗಬಹುದು. ಹಿಂದೆ ಆ ‘ನಾರ್ಮಲ್’ ಟಿಎಸ್‌ಎಚ್ ಬರದೆ ಥೈರಾಯ್ಡ್ ಮಾತ್ರೆ ಶುರುವಾಗಿದ್ದರೆ ಅದೇ ಅವಳಿಗೆ ಮುಳುವಾಗುತ್ತಿತ್ತೋ ಏನೋ.

ಡಿಸ್ಚಾರ್ಜಿನ ದಿನ ಡಾಕ್ಟರ್ ತಂಗಿಯನ್ನೂ ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದು ಎಲ್ಲ ವಿವರಿಸಿದರು. ಹದಿನಾರರ ಹುಡುಗಿ ಅಳುತ್ತಾ, ‘ಹಂಗಾರ ನನ್ನಿಂದನ ಆತೇನ್ರಿ?’ ಎಂದಳು. ‘ನೀನು ಹುಟ್ಟಿದ್ದರಿಂದ ಅಲ್ಲಮ್ಮ. ರಕ್ತ ಬೇಗ ನಿಲ್ಲಿಸೋ ಅನುಕೂಲ ಅವತ್ತು ಅಲ್ಲಿರಲಿಲ್ಲ, ಅದರಿಂದ ಆಯ್ತು’ ಎಂದರು ಡಾಕ್ಟರ್. ಊರಿಗೆ ಹೋದ ಮೇಲೆ ಅವ್ವ ಆ ಮಾತನ್ನು ಓಣಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

ಮನೆಯಲ್ಲಿ ಔಷಧದ ಕ್ರಮ ಹೀಗಾಯಿತು. ಎದ್ದ ಕೂಡಲೇ ಹೈಡ್ರೋಕಾರ್ಟಿಸೋನ್ 10 ಮಿಲಿಗ್ರಾಂ ಮತ್ತು ಥೈರಾಕ್ಸಿನ್, ಖಾಲಿ ಹೊಟ್ಟೆಗೆ, ನೀರಿನ ಜೊತೆ. ಚಹಾ ಅದಾಗಿ ಅರ್ಧ ಗಂಟೆಯ ಮೇಲೆ. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು 5 ಮಿಲಿಗ್ರಾಂ. ಕಾರ್ಟಿಸಾಲ್ ಸಹಜವಾಗಿ ಬೆಳಿಗ್ಗೆ ಹೆಚ್ಚು, ರಾತ್ರಿ ಕಡಿಮೆ ಇರುವುದರಿಂದ ಮಾತ್ರೆಯೂ ಅದೇ ದಾರಿಯಲ್ಲಿ ಹೋಗುತ್ತದೆ. ಸಂಜೆಯ ಮೇಲೆ ತೆಗೆದುಕೊಂಡರೆ ನಿದ್ದೆ ಹತ್ತುವುದಿಲ್ಲ. ಈ ಅಳತೆ ಅವಳ ತೂಕಕ್ಕೆ, ಅವಳ ಸ್ಥಿತಿಗೆ ಬರೆದುಕೊಟ್ಟದ್ದು. ಇನ್ನೊಬ್ಬರಿಗೆ ಬೇರೆಯೇ ಇರುತ್ತದೆ. ಓದು ಬಾರದ ಅವಳಿಗೆ ತಂಗಿ ಎರಡು ಡಬ್ಬಿ ಮಾಡಿಕೊಟ್ಟಳು, ಕೆಂಪು ಮುಚ್ಚಳದ್ದು ಬೆಳಗಿನದು, ಹಳದಿಯದು ಮಧ್ಯಾಹ್ನದ್ದು. ಮುಟ್ಟಿನ ಹಾರ್ಮೋನಿನ ಮಾತ್ರೆಯನ್ನೂ ಎಲುಬಿನ ಹಿತಕ್ಕೆಂದು ಕೊಟ್ಟಿದ್ದರು. ಒಂದು ದಿನ ಅಡುಗೆಮನೆಗೆ ನನ್ನನ್ನು ಕರೆದು, ಕಿವಿಯ ಹತ್ತಿರ ಬಂದು, ‘ಹೊರಗಾಗೇನಿ’ ಎಂದಳು. ನಲವತ್ತು ದಾಟಿದವಳ ಮುಖದಲ್ಲಿ ಅವತ್ತು ನಾಚಿಕೆಯೂ ಇತ್ತು, ಹೇಳಿಕೊಳ್ಳಲಾರದ ಸಂತೋಷವೂ ಇತ್ತು. ಪಿಟ್ಯುಟರಿಯಿಂದಲೇ ಬರುವ ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ಮಾತ್ರ ನಮ್ಮ ಕೈಗೆ ಎಟುಕುವ ಬೆಲೆಯದಲ್ಲ. ಅದಿಲ್ಲದೆಯೂ ನಡೆಯುತ್ತದೆ ಎಂದು ಡಾಕ್ಟರೇ ಬಿಟ್ಟರು.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ದಣಿಸಿದ್ದು ‘ಸ್ಟೀರಾಯ್ಡ್’ ಎಂಬ ಮಾತು. ನಮ್ಮ ಕಡೆ ಆ ಹೆಸರಿಗೆ ಭಯ ಇರುವುದಕ್ಕೆ ಕಾರಣವೂ ಇದೆ. ಮೊಣಕಾಲು ನೋವು, ಉಬ್ಬಸ ಎಂದು ಹೋದವರಿಗೆ ಹೇಳದೆ ಕೇಳದೆ ಸ್ಟೀರಾಯ್ಡ್ ಚುಚ್ಚಿ, ಮುಖ ಊದಿ, ಸಕ್ಕರೆ ಕಾಯಿಲೆ ಬಂದವರನ್ನು ಎಲ್ಲರೂ ಕಂಡಿದ್ದಾರೆ. ಮನೆಗೆ ಬಂದ ನೆಂಟರು, ಅಂಗಡಿಯವರು, ಒಮ್ಮೆ ಒಬ್ಬ ಕಾಂಪೌಂಡರ್ ಕೂಡ, ‘ಇದನ್ನ ಜಾಸ್ತಿ ದಿನ ತಗೋಬಾರ್ದು, ಬಿಟ್ಬಿಡ್ರಿ’ ಎಂದರು. ಪ್ರತಿಸಲವೂ ನಾನು ಕೂತು ಹೇಳಬೇಕಾಯಿತು. ಇದು ರೋಗಕ್ಕೆ ಹೆಚ್ಚುವರಿಯಾಗಿ ಕೊಡುವ ಸ್ಟೀರಾಯ್ಡ್ ಅಲ್ಲ. ನಿಮ್ಮ ಮೈ, ನನ್ನ ಮೈ ದಿನಾ ತಾನಾಗಿ ತಯಾರಿಸುವಷ್ಟನ್ನೇ ಇವಳು ಬಾಯಿಂದ ತಗೊಳ್ಳುತ್ತಾಳೆ. ನಿಲ್ಲಿಸಿದರೆ ಇವಳು ಉಳಿಯುವುದಿಲ್ಲ.

ಇನ್ನೊಂದು ಪೆಟ್ಟು ಬಂದದ್ದು ಲ್ಯಾಬ್ ಕಡೆಯಿಂದ. ಒಂದು ವರ್ಷ ಹುಬ್ಬಳ್ಳಿಗೆ ಹೋಗಲಾಗದೆ ಹತ್ತಿರದಲ್ಲೇ ತೋರಿಸಿದಾಗ ಟಿಎಸ್‌ಎಚ್ 0.05 ಬಂತು. ಥೈರಾಕ್ಸಿನ್ ಅತಿಯಾಗಿದೆ ಎಂದು ಅಲ್ಲಿನ ವೈದ್ಯರು ಅರ್ಧಕ್ಕೆ ಇಳಿಸಿದರು. ಕೆಲವೇ ವಾರಗಳಲ್ಲಿ ಚಿಗವ್ವ ಮತ್ತೆ ಕೌದಿ ಹೊದ್ದಳು. ಪಿಟ್ಯುಟರಿ ಕೆಟ್ಟವರಲ್ಲಿ ಟಿಎಸ್‌ಎಚ್ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುವಂತಿಲ್ಲ, ಫ್ರೀ ಟಿ4 ನೋಡಬೇಕು. ಹಳೆಯ ಡೋಸಿಗೆ ಮರಳಿದ ಮೇಲೆ ಎದ್ದಳು. ಆಮೇಲೆ ಅವಳ ಫೈಲಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಟಿಎಸ್‌ಎಚ್ ಬೇಡ, ಫ್ರೀ ಟಿ4 ಮಾಡಿಸಿ’ ಎಂದು ಬರೆದೆ.

ಜ್ವರ ಬಂದಾಗ ಆರೋಗ್ಯವಂತರ ದೇಹ ಕಾರ್ಟಿಸಾಲನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಚಿಗವ್ವನಿಗೆ ಅದನ್ನು ನಾವು ಮಾಡಬೇಕು. 100.4 ಡಿಗ್ರಿ ದಾಟಿದರೆ ಮಾತ್ರೆ ಎರಡು ಪಟ್ಟು, 102 ದಾಟಿದರೆ ಮೂರು ಪಟ್ಟು, ಜ್ವರ ಇಳಿದ ಮೇಲೆ ಮತ್ತೆ ಮೊದಲಿನಂತೆ. ವಾಂತಿಯಾಗಿ ಮಾತ್ರೆ ಹೊರಬಿದ್ದರೆ ಇನ್ನೊಂದು ಕೊಡಬೇಕು. ಅದೂ ನಿಲ್ಲದಿದ್ದರೆ 100 ಮಿಲಿಗ್ರಾಂ ಇಂಜೆಕ್ಷನ್ ತೊಡೆಗೆ ಕೊಟ್ಟು ಆಸ್ಪತ್ರೆಗೆ ಹೊರಡಬೇಕು. ಹಳ್ಳಿಯಿಂದ ಆಸ್ಪತ್ರೆ ದೂರ. ಹಾಗಾಗಿ ತಂಗಿ ಪಿಯುಸಿಯಲ್ಲಿದ್ದಾಗ ಅವಳಿಗೆ ಇಂಜೆಕ್ಷನ್ ಕಲಿಸಿದೆ. ಅಂಗಳದಲ್ಲಿ ಕೂತು ಮೋಸಂಬಿಗೆ ಚುಚ್ಚಿ ಅಭ್ಯಾಸ. ಬಾಟಲಿಯ ಮುಚ್ಚಳ ಹಾರಿಸಿ, ರಬ್ಬರನ್ನು ಸ್ಪಿರಿಟಿನಿಂದ ಒರೆಸಿ, 2 ಮಿಲಿ ನೀರು ಬಿಟ್ಟು, ಕುಲುಕದೆ ಎರಡು ಅಂಗೈ ನಡುವೆ ಹೊರಳಿಸಿ, ಪುಡಿಯೆಲ್ಲ ಕರಗಿ ತಿಳಿಯಾದ ಮೇಲೆ ಎಳೆದು, ಗಾಳಿ ಹೊರಹಾಕಿ, ತೊಡೆಯ ಹೊರಮೈಯ ನಡುಭಾಗಕ್ಕೆ ನೇರವಾಗಿ. ಮೊದಮೊದಲು ಅವಳ ಕೈ ನಡುಗುತ್ತಿತ್ತು. ‘ನಿಮ್ಮವ್ವಗ ನೋವಾಗತೈತಿ ಅಂತ ಹಿಂದ ಸರೀಬ್ಯಾಡ’ ಎಂದು ಚಿಗವ್ವನೇ ಪಕ್ಕದಲ್ಲಿ ಕೂತು ಧೈರ್ಯ ಹೇಳಿದಳು.

ಜಾತ್ರೆಯ ಮರುದಿನ ರಾತ್ರಿ ಅದು ಬೇಕಾಯಿತು. ಮೇಲಿಂದ ಮೇಲೆ ವಾಂತಿ, ಮೈ ಬೆವೆತು ಕಣ್ಣು ಮೇಲಾಗತೊಡಗಿದಾಗ ತಂಗಿ ಫೋನಿನಲ್ಲಿ ನನ್ನನ್ನು ಹಿಡಿದುಕೊಂಡೇ ಇಂಜೆಕ್ಷನ್ ಕೊಟ್ಟು 108ಕ್ಕೆ ಕರೆ ಮಾಡಿದಳು. ಮುಟ್ಟಿದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ಮೊದಲು ಸ್ಟೀರಾಯ್ಡ್ ಕೊಡಲು ಹಿಂಜರಿದು, ರಕ್ತ ಪರೀಕ್ಷೆಯಾಗಲಿ ಎಂದರು. ತಂಗಿ ಮೊಬೈಲಿನ ಹಿಂದೆ ಸಿಕ್ಕಿಸಿಕೊಂಡಿದ್ದ ಕಾರ್ಡ್ ತೆಗೆದು ಕೊಟ್ಟಳು. ಹುಬ್ಬಳ್ಳಿಯ ಡಾಕ್ಟರ ಸಹಿ, ಮೊಹರು ಇರುವ ಆ ಕಾರ್ಡಿನಲ್ಲಿ, ಪಿಟ್ಯುಟರಿ ಕೆಲಸ ಮಾಡುವುದಿಲ್ಲ, ವಾಂತಿ, ಪ್ರಜ್ಞೆ ತಪ್ಪುವಿಕೆ, ಅಪಘಾತ, ಆಪರೇಷನ್ ಯಾವುದೇ ಇದ್ದರೂ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ತಕ್ಷಣ ಕೊಡಿ, ರಿಪೋರ್ಟಿಗೆ ಕಾಯಬೇಡಿ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ. ಓದಿದ ಮೇಲೆ ಅವರು ತಡಮಾಡಲಿಲ್ಲ. ಬೆಳಗಾಗುವಷ್ಟರಲ್ಲಿ ಚಿಗವ್ವ ಎದ್ದು ಕೂತಿದ್ದಳು.

ನಾನು ಈಗ ಕೆಲಸ ಮಾಡುವುದು ಹೆರಿಗೆ ವಾರ್ಡಿನಲ್ಲಿ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತೇವೆ. ಗರ್ಭಕೋಶ ಬಿಗಿದು ರಕ್ತ ನಿಲ್ಲುತ್ತದೆ. ಆಕ್ಸಿಟೋಸಿನ್ ಕೂಡ ಪಿಟ್ಯುಟರಿಯ ಹಿಂಭಾಗದಿಂದಲೇ ಬಿಡುಗಡೆಯಾಗುವ ಹಾರ್ಮೋನು. ಅಮೆರಿಕದ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ ಇದನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು, 1955ರಲ್ಲಿ ಅವರಿಗೆ ನೊಬೆಲ್ ಬಂತು. 2018ರಲ್ಲಿ, ಹಾಲು ಕರೆಯಲು ದನಗಳಿಗೆ ಚುಚ್ಚುವ ದುರುಪಯೋಗ ತಡೆಯಲೆಂದು, ಖಾಸಗಿ ಕಂಪನಿಗಳು ಇದನ್ನು ತಯಾರಿಸಬಾರದು, ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಒಂದೇ ತಯಾರಿಸಬೇಕು ಎಂದು ಕೇಂದ್ರ ಸರ್ಕಾರ ಆದೇಶಿಸಿತ್ತು. ಔಷಧದ ಕೊರತೆಯಾದರೆ ಬಾಣಂತಿಯರ ಗತಿ ಏನು ಎಂದು ನಮ್ಮಂಥವರಿಗೆಲ್ಲ ಆತಂಕವಾಗಿತ್ತು. ಆ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಮಾಡಿತು. ಔಷಧ ಸಿಕ್ಕರಷ್ಟೇ ಸಾಲದು, 2ರಿಂದ 8 ಡಿಗ್ರಿ ತಂಪಿನಲ್ಲಿ ಇಡದಿದ್ದರೆ ಅದರ ಶಕ್ತಿ ಕುಂದುತ್ತದೆ. ನಮ್ಮ ಲೇಬರ್ ರೂಮಿನ ಫ್ರಿಜ್ಜಿನ ತಾಪಮಾನದ ಪಟ್ಟಿಯನ್ನು ನಾನು ಇನ್ನೊಬ್ಬರಿಗೆ ಬಿಡುವುದಿಲ್ಲ. 2023ರಲ್ಲಿ ತಂಗಿ ಹೆತ್ತದ್ದು ಅದೇ ರೂಮಿನಲ್ಲಿ. ಅವಳಿಗೂ ಅದೇ 10 ಯೂನಿಟ್ ಬಿತ್ತು. ರಕ್ತ ಹೆಚ್ಚು ಹೋಗಲಿಲ್ಲ, ಹಾಲು ಬಂತು.

ರಕ್ತ ಹೆಚ್ಚು ಹೋದ ಬಾಣಂತಿಯರ ಡಿಸ್ಚಾರ್ಜ್ ಚೀಟಿಯ ಕೆಳಗೆ ನಾವೀಗ ಒಂದು ಸಾಲು ಸೇರಿಸುತ್ತೇವೆ: ಹಾಲು ಬರದಿದ್ದರೆ, ಹಾಲು ಬಿಡಿಸಿದ ಮೇಲೂ ಮುಟ್ಟು ಬರದಿದ್ದರೆ, ತಾಳಲಾರದ ಸುಸ್ತು, ಚಳಿ ಇದ್ದರೆ ಬಂದು ತೋರಿಸಿ, ಹೆರಿಗೆಯಲ್ಲಿ ರಕ್ತ ಹೋದದ್ದನ್ನು ಮರೆಯದೆ ಹೇಳಿ. ಆಶಾ ಕಾರ್ಯಕರ್ತೆಯರಿಗೂ ಮನೆಭೇಟಿಯಲ್ಲಿ ಇದನ್ನೇ ಕೇಳಲು ಹೇಳಿದ್ದೇನೆ.

ಉಳಿದಿರುವ ತೊಡಕು ಮಾತ್ರೆಯದ್ದು. ಹೈಡ್ರೋಕಾರ್ಟಿಸೋನ್ ಮಾತ್ರೆ ಸಣ್ಣ ಊರಿನ ಅಂಗಡಿಗಳಲ್ಲಿ ಸದಾ ಇರುವುದಿಲ್ಲ. ತೀರುವ ಮುಂಚೆಯೇ ಹುಬ್ಬಳ್ಳಿಯಿಂದ ತರಿಸುತ್ತೇವೆ. ಸಿಗದೇ ಹೋದರೆ ಒಂದೆರಡು ದಿನಕ್ಕೆ ಅದರ ಬದಲಿಗೆ ಪ್ರೆಡ್ನಿಸೋಲೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಎಷ್ಟು ಕೊಡಬೇಕೆಂದು ಡಾಕ್ಟರಿಂದಲೇ ಬರೆಸಿಟ್ಟುಕೊಂಡಿದ್ದೇವೆ. 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನಿಗೆ 5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಸಮ ಎಂಬ ಲೆಕ್ಕ ಅದು. ಇಂಜೆಕ್ಷನ್ ಬಾಟಲಿಯ ತಾರೀಖನ್ನು ತಂಗಿ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನೋಡಿ ಬದಲಾಯಿಸುತ್ತಾಳೆ. ಚಿಗವ್ವ ಐವತ್ತು ದಾಟಿದ ಮೇಲೆ ಮುಟ್ಟಿನ ಮಾತ್ರೆ ನಿಲ್ಲಿಸಿದ್ದಾರೆ. ಸೀಜನ್ನಿನಲ್ಲಿ ಮೆಣಸಿನಕಾಯಿ ಕೆಲಸಕ್ಕೆ ಹೋಗುತ್ತಾಳೆ, ಸಂಜೆವರೆಗೂ ಕೂರುತ್ತಾಳೆ. ಈ ಸಲ ಎಲುಬಿನ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಎಡಗಣ್ಣಿನ ಪೊರೆಯ ಆಪರೇಷನ್ನೂ ಆಗಬೇಕು. ಅವತ್ತು ಹೈಡ್ರೋಕಾರ್ಟಿಸೋನ್ ಎಷ್ಟು ಹೆಚ್ಚಿಸಬೇಕೆಂದು ಎಂಡೋಕ್ರೈನ್ ಡಾಕ್ಟರಿಂದ ಮೊದಲೇ ಬರೆಸಿಕೊಂಡು ಕಣ್ಣಿನ ಆಸ್ಪತ್ರೆಗೆ ಕೊಡಬೇಕು.